ಲಿವಿಂಗ್‌ಸ್ಟನ್‌ನಿಂದ ಕಾರ್ ಪರ್ಮಿಟ್‌ಗೆ: ವಿಕ್ಟೋರಿಯಾ ಫಾಲ್ಸೋ, ಕಜುಂಗುಲಾನೋ?

ಜಾಂಬಿಯಾದ ಲಿವಿಂಗ್‌ಸ್ಟನ್‌ನಲ್ಲಿ ವಿದೇಶಿ ನಂಬರಿನ ಕಾರು ಇಟ್ಟುಕೊಂಡಿದ್ದೀರಿ, ಪರ್ಮಿಟ್ ಹೊಸದಾಗಿ ಪಡೆಯಲು ಒಮ್ಮೆ ಗಡಿ ದಾಟಿ ಬರಬೇಕು ಅಂದರೆ, ಯಾವ ಗಡಿಗೆ ಹೋಗಬೇಕು? ಜಾಂಬಿಯಾದ ತಾತ್ಕಾಲಿಕ ಆಮದು ಪರ್ಮಿಟ್ (ವಿದೇಶಿ ಕಾರನ್ನು ಸ್ವಲ್ಪ ಕಾಲ ಇಟ್ಟುಕೊಳ್ಳಲು ಕೊಡುವ ಅನುಮತಿ) ಮುಗಿಯುವ ಮೊದಲೇ ಹೊರಡಿ, ಅದೇ ಮುಖ್ಯ. ದೂರ ನೋಡಿದರೆ ಜಿಂಬಾಬ್ವೆಗೆ ದಾಟುವ ವಿಕ್ಟೋರಿಯಾ ಫಾಲ್ಸ್ ಗಡಿ ಸುಲಭ, ಸುಮಾರು 10 ಕಿ.ಮೀ. ಅಷ್ಟೇ. ಬೋಟ್ಸ್ವಾನಾಗೆ ದಾಟುವ ಕಜುಂಗುಲಾ 60 ಕಿ.ಮೀ.ಗೂ ಜಾಸ್ತಿ.

ಆದರೆ ನಿಮ್ಮ ಕಾರು ದಕ್ಷಿಣ ಆಫ್ರಿಕಾ ನಂಬರಿನದಾದರೆ ನಾನು ಕಜುಂಗುಲಾಗೇ ಹೋಗಿ ಅನ್ನುತ್ತೇನೆ. ಬೋಟ್ಸ್ವಾನಾ ದಕ್ಷಿಣ ಆಫ್ರಿಕಾ ಇರುವ ಕಸ್ಟಮ್ಸ್ ಒಕ್ಕೂಟದಲ್ಲೇ ಇದೆ ಅಲ್ವಾ, ಅಲ್ಲಿ ಆಮದು ಪರ್ಮಿಟ್ ಕೇಳುವುದಿಲ್ಲ. ಜಿಂಬಾಬ್ವೆಯಲ್ಲಾದರೆ ಪರ್ಮಿಟ್, ಕಾರ್ಬನ್ ತೆರಿಗೆ, ರಸ್ತೆ ಶುಲ್ಕ ಅಂತ ಒಂದೇ ದಿನಕ್ಕೆ ಸುಮ್ನೆ ದುಡ್ಡು ಹೋಗುತ್ತದೆ. 2021ರಲ್ಲಿ ಕಜುಂಗುಲಾ ಸೇತುವೆ ತೆರೆದ ಮೇಲೆ ಜಾಂಬಿಯಾ, ಬೋಟ್ಸ್ವಾನಾ ಎರಡೂ ದೇಶಗಳ ಗಡಿ ಕೆಲಸ ಒಂದೇ ಕಡೆ ಮುಗಿಯುತ್ತದೆ, ದೋಣಿಗೆ ಕಾಯಬೇಕಿಲ್ಲ. ಹಸಿ ಮಾಂಸ ಮಾತ್ರ ಒಯ್ಯಬೇಡಿ, ಜಾನುವಾರು ರೋಗದ ಭಯಕ್ಕೆ ಕಿತ್ತುಕೊಳ್ಳುತ್ತಾರೆ.

ಕೆನ್ಯಾ ನಂಬರ್, ಕಾಮೆಸಾ (ಪೂರ್ವ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ವ್ಯಾಪಾರ ಒಕ್ಕೂಟ) ಹಳದಿ ಕಾರ್ಡ್ ವಿಮೆ ಇದ್ದರೆ ಫಾಲ್ಸ್ ದಾರಿಯೇ ಸರಿ. ಆ ಕಾರ್ಡ್ ಜಿಂಬಾಬ್ವೆಯಲ್ಲಿ ನಡೆಯುತ್ತದೆ, ಬೋಟ್ಸ್ವಾನಾದಲ್ಲಿ ನಡೆಯುವುದಿಲ್ಲ.