ಸೋಫಾದ ಹಿಂದೆ ಸಿಕ್ಕಿದ ವರ್ಕ್‌ಬುಕ್: ಒಂದು ಲ್ಯಾಂಗ್ವೇಜ್ ಆರ್ಟ್ಸ್ ಪಠ್ಯಕ್ರಮದ ವಿಮರ್ಶೆ

ಟೆಕ್ಸಸ್‌ನ ಆಸ್ಟಿನ್ ಹತ್ತಿರ ನೆಲೆಸಿರುವ ನಾವು ಎಂಟು ವರ್ಷದ ಮಗನಿಗೆ ಮನೆಯಲ್ಲೇ ಪಾಠ ಹೇಳಿಕೊಡಲು ಆರಂಭಿಸಿ ಎರಡು ವರ್ಷಗಳಾಗುತ್ತ ಬಂದವು. ಇಂಗ್ಲಿಷ್ ಕಲಿಕೆಗೆಂದು ಕಳೆದ ಆಗಸ್ಟಿನಲ್ಲಿ 140 ಡಾಲರ್ ಕೊಟ್ಟು ತರಿಸಿದ, ಪೆಟ್ಟಿಗೆಯಾಗಿ ಬರುವ ಪಠ್ಯಕ್ರಮವೊಂದರ ವಿಮರ್ಶೆ ಇದು. ಎಂಟನೆಯ ವಾರದ ಸೋಮವಾರ ಅದರ ವರ್ಕ್‌ಬುಕ್ ನಮಗೆ ಸಿಕ್ಕಿದ್ದು ಸೋಫಾದ ಹಿಂದೆ. ಮಗ ಅದನ್ನು ಅಲ್ಲಿ ಬಚ್ಚಿಟ್ಟಿದ್ದ. ಪ್ರಕಾಶಕರ ಹೆಸರನ್ನು ಬರೆಯುತ್ತಿಲ್ಲ. ಇದೇ ಅಚ್ಚಿನ ಪೆಟ್ಟಿಗೆಗಳನ್ನು ಮಾರುವವರು ಹಲವರಿದ್ದಾರೆ, ನನ್ನ ತಕರಾರು ಇರುವುದೂ ಆ ಅಚ್ಚಿನ ಬಗ್ಗೆಯೇ.

ಮನೆಯಲ್ಲಿ ಕಲಿಸುವವರಿಗೆ ಟೆಕ್ಸಸ್‌ನಲ್ಲಿ ಸಾಕಷ್ಟು ಸ್ವಾತಂತ್ರ್ಯವಿದೆ. ರಾಜ್ಯದ ಸುಪ್ರೀಂ ಕೋರ್ಟ್ 1994ರಲ್ಲಿ ಲೀಪರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಇಂಥ ಮನೆಗಳನ್ನು ಖಾಸಗಿ ಶಾಲೆಗಳಂತೆ ಪರಿಗಣಿಸಲಾಗುತ್ತದೆ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ ಮತ್ತು ಉತ್ತಮ ಪೌರತ್ವ ಎಂಬ ಐದು ವಿಷಯಗಳನ್ನು ಪ್ರಾಮಾಣಿಕವಾಗಿ ಕಲಿಸಬೇಕು. ಐದರಲ್ಲಿ ಮೂರು ಭಾಷೆಗೇ ಸೇರಿದವು. ಆ ಮೂರೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ ಎಂಬ ಆಸೆಯಿಂದ ನಾನು ಇದನ್ನು ಕೊಂಡೆ.

ಪೆಟ್ಟಿಗೆಯಲ್ಲಿ ಶಿಕ್ಷಕರ ಕೈಪಿಡಿ, ವರ್ಕ್‌ಬುಕ್, ಕಥೆಗಳ ಪುಸ್ತಕ ಮತ್ತು ಉಕ್ತಲೇಖನದ ನೋಟ್‌ಬುಕ್ ಇವೆ. ಒಟ್ಟು 36 ವಾರ, ವಾರಕ್ಕೆ ನಾಲ್ಕು ದಿನ. ಸೋಮವಾರ ಹಳೆಯ ಕಾಲದ ಕಥೆಯೊಂದರ ಭಾಗವನ್ನು ಓದಿ ಅದರ ಎಂಟು ಸಾಲು ಕಾಪಿ ಬರೆಯಬೇಕು, ಮಂಗಳವಾರ ವ್ಯಾಕರಣ, ಬುಧವಾರ ಅವೇ ಸಾಲುಗಳ ಉಕ್ತಲೇಖನ, ಗುರುವಾರ ಕಥೆಯನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಕಾಗದ, ಮುದ್ರಣ, ಚಿತ್ರಗಳೆಲ್ಲ ಚೆನ್ನಾಗಿವೆ. ಕೈಪಿಡಿಯಲ್ಲಿ ತಾಯಿ ಆಡಬೇಕಾದ ಮಾತುಗಳನ್ನೂ ದಪ್ಪ ಅಕ್ಷರದಲ್ಲಿ ಮುದ್ರಿಸಿರುವುದು ಹೊಸಬರಿಗೆ ಧೈರ್ಯ ಕೊಡುತ್ತದೆ. ಮೂರನೆಯ ವಾರದ ಹೊತ್ತಿಗೆ ನನಗೆ ಮಾತ್ರ ನಾಟಕದ ಪಾತ್ರ ಒಪ್ಪಿಸುತ್ತಿರುವಂತೆ ಅನ್ನಿಸಲಾರಂಭಿಸಿತು.

ಮಗನಿಗೆ ಇದು ಹಿಡಿಸುತ್ತಿಲ್ಲ ಎಂದು ತಿಳಿದಾಗ ನಾನು ಮೊದಲು ಅನುಮಾನಿಸಿದ್ದು ವ್ಯಾಕರಣವನ್ನು. 1877ರಲ್ಲಿ ರೀಡ್ ಮತ್ತು ಕೆಲಾಗ್ ಎಂಬ ಇಬ್ಬರು ಅಧ್ಯಾಪಕರು ಪ್ರಚಾರಕ್ಕೆ ತಂದ ವಾಕ್ಯದ ನಕ್ಷೆಯನ್ನು ಈ ಪಠ್ಯಕ್ರಮ ಈಗಲೂ ಬಳಸುತ್ತದೆ: ಒಂದು ಅಡ್ಡಗೆರೆ ಎಳೆದು, ಅದನ್ನು ಸೀಳುವ ಉದ್ದಗೆರೆಯ ಎಡಕ್ಕೆ ಕರ್ತೃಪದವನ್ನೂ ಬಲಕ್ಕೆ ಕ್ರಿಯಾಪದವನ್ನೂ ಬರೆದು, ವಿಶೇಷಣಗಳನ್ನು ಕೆಳಗೆ ಓರೆಗೆರೆಗಳ ಮೇಲೆ ತೂಗುಹಾಕುವುದು. ಇಷ್ಟು ಒಣಗಿದ ವಿಷಯ ಮಕ್ಕಳಿಗೆ ರುಚಿಸುವುದುಂಟೇ ಎಂದುಕೊಂಡು ಎರಡು ವಾರ ಮಂಗಳವಾರದ ಪಾಠವನ್ನೇ ಬಿಟ್ಟುಬಿಟ್ಟೆ. ಮೂರನೆಯ ಮಂಗಳವಾರ ಅವನೇ ಬಂದು, 'ಅಮ್ಮ, ಆ ಗೆರೆ ಎಳೆಯೋದು ಮಾಡೋಣ' ಎಂದ. ಆ ದಿನ ವೈಟ್‌ಬೋರ್ಡಿನ ಮೇಲೆ ಕನ್ನಡ ವಾಕ್ಯಗಳಿಗೂ ನಕ್ಷೆ ಬರೆಯಲು ಹೊರಟು, 'ಬಂದೆ' ಎಂಬ ಒಂದೇ ಪದದ ಮುಂದೆ ನಿಂತು, 'ಇದರಲ್ಲಿ ನಾನು ಅನ್ನೋದು ಎಲ್ಲಿದೆ?' ಎಂದು ಕೇಳಿದ. ಕ್ರಿಯಾಪದದ ಕೊನೆಯ 'ಎ'ಕಾರದಲ್ಲೇ ಕರ್ತೃ ಅಡಗಿ ಕೂತಿದ್ದಾನೆ ಎಂದು ತೋರಿಸಿದಾಗ ಅವನು ನಕ್ಕದ್ದು ನೋಡಿದರೆ, ಇಡೀ ಪೆಟ್ಟಿಗೆಯಲ್ಲಿ ಹಣಕ್ಕೆ ಮೋಸವಿಲ್ಲದ ಭಾಗ ಇದೇ ಎನ್ನಬೇಕು.

ಅವನಿಗೆ ಬೇಡವಾಗಿದ್ದದ್ದು ನಾನು ತುಂಬ ಮೆಚ್ಚಿಕೊಂಡಿದ್ದ ಸೋಮವಾರದ ಪಾಠ. ಸುಂದರವಾದ ಗದ್ಯವನ್ನು ನಿಧಾನವಾಗಿ ಕಾಪಿ ಬರೆದರೆ ಅದರ ಲಯ ಕೈಗೆ ಇಳಿಯುತ್ತದೆ ಎಂಬುದು ಕೈಪಿಡಿಯ ವಾದ. ಕಾಪಿ ಪುಸ್ತಕ ಬರೆದು ಬೆಳೆದ ನನಗೂ ಅದು ಸರಿಯೆನ್ನಿಸಿತ್ತು. ಎಂಟು ಸಾಲಿಗೆ ಅವನಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ನಾಲ್ಕನೆಯ ಸಾಲಿಗೆ ಬೆರಳು ನೋಯುತ್ತದೆ ಎನ್ನುತ್ತಿದ್ದ, ಆರನೆಯದಕ್ಕೆ ಕಣ್ಣಲ್ಲಿ ನೀರು. ಗುರುವಾರ ಕಥೆಯನ್ನು ಬರೆ ಎಂದರೆ ಎರಡು ವಾಕ್ಯ ಬರೆದು ಪೆನ್ಸಿಲ್ ಕೆಳಗಿಡುತ್ತಿದ್ದುದರಿಂದ, ಅವನಿಗೆ ಕಥೆಯೇ ಅರ್ಥವಾಗಿಲ್ಲವೇನೋ ಎಂದು ನಾನು ಭಾವಿಸಿದ್ದೆ. ಅದೇ ಶನಿವಾರ ಮೈಸೂರಿನಲ್ಲಿರುವ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಆ ಕಥೆಯನ್ನು ಒಂದು ಘಟನೆಯೂ ತಪ್ಪದಂತೆ, ನಡುವೆ 'ಆಮೇಲೆ ಏನಾಯ್ತು ಗೊತ್ತಾ ಅಜ್ಜಿ' ಎಂದು ಸೇರಿಸುತ್ತ, ಕನ್ನಡದಲ್ಲಿ ಹತ್ತು ನಿಮಿಷ ಹೇಳಿದ. ಭಾಷೆಯೂ ಕಥೆಯೂ ಅವನಲ್ಲಿದ್ದವು, ಹಿಂದೆ ಉಳಿದಿದ್ದದ್ದು ಕೈ.

ಈ ಎಡವಟ್ಟಿನ ಮೂಲ ಪ್ರಕಾಶಕರ ಮಟ್ಟಪರೀಕ್ಷೆಯಲ್ಲಿದೆ. ಕೊಳ್ಳುವ ಮೊದಲು ಮಾಡಿಸಬೇಕಾದ ಆ ಎರಡು ಪುಟಗಳ ಪರೀಕ್ಷೆ ಮಗು ಎಷ್ಟು ಓದಬಲ್ಲದು ಎಂಬುದನ್ನು ಮಾತ್ರ ಅಳೆಯುತ್ತದೆ. ನಮ್ಮವನು ವಯಸ್ಸಿಗೆ ಮೀರಿ ಓದುವವನಾದ್ದರಿಂದ ಮೂರನೇ ಗ್ರೇಡಿನ ಹುಡುಗನಿಗೆ ನಾಲ್ಕನೇ ಗ್ರೇಡಿನ ಪೆಟ್ಟಿಗೆ ಬಂತು. ಎಷ್ಟು ಹೊತ್ತು ಬರೆಯಬಲ್ಲ ಎಂಬ ಒಂದು ಪ್ರಶ್ನೆಯೂ ಅದರಲ್ಲಿಲ್ಲ. ನಾನೂ ಅದನ್ನು ಕೇಳಿಕೊಳ್ಳಲಿಲ್ಲ. ಮಗ ಒಂದು ಗ್ರೇಡ್ ಮುಂದಿದ್ದಾನೆಂಬ ಹೆಮ್ಮೆಗೆ ಪ್ರಶ್ನೆಗಳು ಹೊಳೆಯುವುದಿಲ್ಲ. ಬರೆಯುವಾಗಿನ ನೋವು ಬಹುಕಾಲ ಉಳಿದರೆ ಡಿಸ್‌ಗ್ರಾಫಿಯಾದಂಥ (ಬರವಣಿಗೆಯನ್ನೇ ಕಷ್ಟವಾಗಿಸುವ ಕಲಿಕೆಯ ತೊಡಕು) ಕಾರಣವೂ ಇರಬಹುದಾದ್ದರಿಂದ, ಬರೆಯುವಂಥ ದಿನನಿತ್ಯದ ಕೆಲಸಗಳಿಗೆ ಕೈಯನ್ನು ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಗೆ ತೋರಿಸಿದೆವು. ಅವರು ಪೆನ್ಸಿಲ್ ಹಿಡಿಯುವ ರೀತಿಯನ್ನು ತಿದ್ದಿ, ದಿನಕ್ಕೆ ಐದು ನಿಮಿಷದ ಅಭ್ಯಾಸ ಸಾಕು ಎಂದರು.

ಒಂಬತ್ತನೆಯ ವಾರದಿಂದ ನಾವು ಪಾಠವನ್ನು ಹೀಗೆ ಬದಲಿಸಿಕೊಂಡೆವು. ಕಾಪಿ ಎರಡೇ ಸಾಲು, ಅದೂ ಅವನು ಆರಿಸಿದ್ದು. ಗುರುವಾರ ಅವನು ಕಥೆ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಬ್ರಿಟನ್ನಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ ಅವರನ್ನು ಅನುಸರಿಸುವ ಮನೆಗಳಲ್ಲಿ ಕೇಳಿದ್ದನ್ನು ಬಾಯಿಯಲ್ಲಿ ತಿರುಗಿ ಹೇಳಿಸುವ ಪದ್ಧತಿ ಮೊದಲಿನಿಂದ ಇದೆ, ಬರೆಸುವುದು ಸುಮಾರು ಹತ್ತು ವರ್ಷದ ಹೊತ್ತಿಗೆ. ಉಕ್ತಲೇಖನವನ್ನು ಮಾತ್ರ ಬಿಡಲಿಲ್ಲ. ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರಗಳಲ್ಲಿ ಕಿವಿ ಪಳಗಿದರೆ ಉಕ್ತಲೇಖನ ಬಹುಮಟ್ಟಿಗೆ ಗೆದ್ದಂತೆ. 26 ಅಕ್ಷರಗಳಲ್ಲಿ ನಲವತ್ತಕ್ಕೂ ಹೆಚ್ಚು ಧ್ವನಿಗಳನ್ನು ಹಿಡಿದಿಡಬೇಕಾದ ಇಂಗ್ಲಿಷಿನಲ್ಲಿ ಕಿವಿಯ ಜೊತೆ ಕಣ್ಣೂ ಪಳಗಬೇಕು. ಎಂಟು ಸಾಲಿನ ಬದಲು ಎರಡು ಸಾಲಾದರೂ ಆ ಕೆಲಸ ನಡೆಯುತ್ತದೆ.

ನಾಲ್ಕು ವಾರಕ್ಕೊಮ್ಮೆ ನಾಮಪದದ ವ್ಯಾಖ್ಯೆಗೆ ಮರಳುವ ಪುನರಾವರ್ತನೆ ಬೇಸರ ತರಿಸುತ್ತದೆ, ಆ ಪುಟಗಳನ್ನು ಹಾರಿಸಿದರೂ ನಷ್ಟವಿಲ್ಲ. ನನ್ನ ದೊಡ್ಡ ಆಕ್ಷೇಪ ಮಾರಾಟದ ರೀತಿಗೆ: ವ್ಯಾಕರಣದ ಭಾಗವನ್ನು ಬಿಡಿಯಾಗಿ ಕೊಡುವುದಿಲ್ಲ, ಬರೆದ ವರ್ಕ್‌ಬುಕ್ಕನ್ನು ಹಿಂದಕ್ಕೆ ಪಡೆಯುವುದಿಲ್ಲ, ಸೆಕೆಂಡ್ ಹ್ಯಾಂಡ್ ಪುಸ್ತಕಗಳ ಸಂತೆಯಲ್ಲಿ ಅದನ್ನು ಕೇಳುವವರೂ ಇಲ್ಲ. ಬರೆಯುವುದನ್ನೇ ಆಟದಂತೆ ಇಷ್ಟಪಡುವ, ಒಂಬತ್ತು ಹತ್ತು ವರ್ಷದ ಮಗುವಿರುವವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಉಳಿದವರು ಮೊದಲು ಮಾದರಿ ಪಾಠದ ಸೋಮವಾರದ ಪುಟವನ್ನು ಮುದ್ರಿಸಿಕೊಂಡು, ಗಡಿಯಾರ ನೋಡುತ್ತ ಮಗುವಿನಿಂದ ಒಮ್ಮೆ ಬರೆಸಿ ನೋಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಈಗ ಇಪ್ಪತ್ತೆರಡನೆಯ ವಾರ ನಡೆಯುತ್ತಿದೆ, ವರ್ಕ್‌ಬುಕ್ ಮೇಜಿನ ಮೇಲಿದೆ. ಮುಂದಿನ ಗ್ರೇಡಿನ ಪೆಟ್ಟಿಗೆಯನ್ನು ತರಿಸುವ ವಿಚಾರ ನಮಗಿಲ್ಲ. ನಕ್ಷೆಗಳ ಪುಸ್ತಕವೊಂದನ್ನೇ ಎಲ್ಲಾದರೂ ಹುಡುಕಿಕೊಡು ಎಂಬುದು ಮಗನ ಬೇಡಿಕೆ.