ರಿಂಗ್ ಪೆಸ್ಸರಿ: ಮೂರೂವರೆ ವರ್ಷ ಬಳಸಿದ ಮೇಲೆ

ಇದು ಗರ್ಭಕೋಶ ಜಾರಿದವರು ಅದನ್ನು ಎತ್ತಿ ಹಿಡಿಯಲು ಯೋನಿಯ ಒಳಗೆ ಹಾಕಿಕೊಳ್ಳುವ ಸಿಲಿಕೋನ್ ರಿಂಗ್ ಬಗ್ಗೆ. ಮುಜುಗರ ಅನ್ನಿಸಿದರೆ ಇಲ್ಲೇ ಬಿಟ್ಟುಬಿಡಿ. ನಾನು ಹುಡುಕುವಾಗ ಬಳಸಿದವರು ಕನ್ನಡದಲ್ಲಿ ಬರೆದದ್ದು ಒಂದೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈಗ 54. ಎರಡೂ ನಾರ್ಮಲ್ ಹೆರಿಗೆ, ದೊಡ್ಡವಳು ಹುಟ್ಟಿದಾಗಲೇ ನಾಲ್ಕು ಕೆಜಿ. ಮುಟ್ಟು ನಿಂತು ವರ್ಷವಾಗಿತ್ತು. ದಿನವಿಡೀ ನಿಂತು ಪಾಠ ಮಾಡಿ ಸಂಜೆ ಮನೆಗೆ ಬಂದರೆ ಕೆಳಗೆ ಏನೋ ಜಗ್ಗಿದ ಹಾಗೆ, ಕೂತರೆ ಚೆಂಡಿನ ಮೇಲೆ ಕೂತ ಹಾಗೆ. ಒಂದು ದಿನ ಸ್ನಾನ ಮಾಡುವಾಗ ಕೈಗೇ ಸಿಕ್ಕಿತು. ಮೆತ್ತಗೆ, ನಿಂಬೆಹಣ್ಣಿನಷ್ಟು. ಗಡ್ಡೆಯೇ ಇರಬೇಕು ಅಂದುಕೊಂಡು ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಐದು ನಿಮಿಷ ನೋಡಿ, "ಮಕ್ಕಳಾಗಿದೆ ಅಲ್ವಾ, ಇನ್ನು ಗರ್ಭಕೋಶ ಯಾಕೆ, ತೆಗೆಸಿಬಿಡಿ" ಅಂದರು. ಎರಡನೇ ಡಾಕ್ಟರ್ ಕೂರಿಸಿ ಹೇಳಿದರು. ಗರ್ಭಕೋಶ, ಮೂತ್ರಕೋಶ ಎಲ್ಲವನ್ನೂ ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಜೋಲಿ ಇದ್ದ ಹಾಗೆ. ಹೆರಿಗೆಯಲ್ಲಿ ಜಗ್ಗುತ್ತದೆ, ಮುಟ್ಟು ನಿಂತ ಮೇಲೆ ಇನ್ನೂ ಸಡಿಲ. ಮೇಲಿಂದ ಮಲಬದ್ಧತೆ, ಬಿಡದ ಕೆಮ್ಮು, ಕೊಡಗಟ್ಟಲೆ ನೀರು ಹೊರುವುದು ಸೇರಿದರೆ ಮುಗಿಯಿತು. ಬರೀ ಗರ್ಭಕೋಶ ತೆಗೆದರೆ ಜೋಲಿ ಬಿಗಿಯಾಗುವುದಿಲ್ಲ, ಆಮೇಲೂ ಜಾರಬಹುದಂತೆ. ನನ್ನದು ಎರಡನೇ ಹಂತ, ಮೂತ್ರಕೋಶವೂ ಸ್ವಲ್ಪ ಇಳಿದಿತ್ತು. ಆಪರೇಷನ್ನಿಗೆ ಅವಸರವಿಲ್ಲ, ರಿಂಗ್ ಹಾಕಿ ನೋಡೋಣ ಅಂದರು.

ಮೊದಲ ರಿಂಗ್ 65 ಮಿ.ಮೀ. ಅವತ್ತು ಕ್ಲಿನಿಕ್ಕಿನಲ್ಲಿ ವಿಪರೀತ ರಶ್, ಹಾಕಿದ ತಕ್ಷಣ ಎಬ್ಬಿಸಿ ಕಳಿಸಿಬಿಟ್ಟರು. ಮೂರನೇ ದಿನ ಟಾಯ್ಲೆಟ್ಟಿನಲ್ಲಿ ಸ್ವಲ್ಪ ತಿಣುಕಿದೆ, ಟಪ್ ಅಂತ ಬಿತ್ತು. ನೀರು ಹಾಕುವ ಮುಂಚೆ ನೋಡಿದ್ದು ನನ್ನ ಪುಣ್ಯ. ಮುಂದಿನ ಸಲ 70 ಹಾಕಿ, ನಡೆಸಿ, ಮೆಟ್ಟಿಲು ಹತ್ತಿಸಿ, ಕುಕ್ಕುರುಗಾಲಲ್ಲಿ ಕೂರಿಸಿ, ಕೆಮ್ಮಿಸಿ, ಮೂತ್ರ ಮಾಡಿಸಿ ಆಮೇಲೆ ಕಳಿಸಿದರು. ಹೀಗೆ ಮಾಡಿಸದೆ ಮನೆಗೆ ಬರಬೇಡಿ. ಸರಿಯಾಗಿ ಕೂತರೆ ರಿಂಗ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಆನ್‌ಲೈನಲ್ಲಿ ಸುಮ್ನೆ ಒಂದು ಸೈಜ್ ತರಿಸಿಕೊಳ್ಳುವ ಕೆಲಸವಂತೂ ಮಾಡಲೇಬೇಡಿ.

ತೆಗೆದು ಹಾಕುವುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಉಗುರು ಕತ್ತರಿಸಿ, ಬಳೆ ಬಿಚ್ಚಿಟ್ಟು, ಒಂದು ಕಾಲು ಸ್ಟೂಲಿನ ಮೇಲೆ. ರಿಂಗನ್ನು ಹೋಳಿಗೆ ಮಡಚಿದ ಹಾಗೆ ಮಡಚಿ, ತುದಿಗೆ ಜೆಲ್ ಹಚ್ಚಿ ಬೆನ್ನಿನ ಕಡೆಗೆ ತಳ್ಳಬೇಕು. ನಾನು ನೇರ ಮೇಲಕ್ಕೆ ತಳ್ಳುತ್ತಿದ್ದೆ, ಅದಕ್ಕೇ ನೋವು. ಈಗ ಶನಿವಾರ ರಾತ್ರಿ ತೆಗೆದು, ಮಾಮೂಲಿ ಸೋಪಿನಲ್ಲಿ ತೊಳೆದು, ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಭಾನುವಾರ ಬೆಳಿಗ್ಗೆ ಹಾಕಿಕೊಳ್ಳುತ್ತೇನೆ. ಒಂದು ಸಲ ಬಾತ್‌ರೂಮಿನಲ್ಲಿ ಮರೆತಿದ್ದೆ. "ಅಮ್ಮಾ, ಮಿಕ್ಸಿ ಜಾರಿನ ವಾಷರ್ ಇಲ್ಯಾಕಿದೆ?" ಅಂತ ಚಿಕ್ಕವಳು ಹಿಡಿದುಕೊಂಡು ಬಂದಳು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದಕ್ಕೆ ಕಾರಣ ಇದೆ. ಎರಡನೇ ವರ್ಷ ಬಿಳಿ ಹೋಗುವುದು ಜಾಸ್ತಿಯಾಯಿತು, ವಾಸನೆ ಬೇರೆ. ಮುಟ್ಟು ಬರುವ ವಾರ ಅಂತ ನಾನೇ ತಳ್ಳಿಹಾಕಿದ್ದೆ, ಅಂದರೆ ಇರುವುದೇ ಇಲ್ಲದ ಮುಟ್ಟು ನೋಡಿ! ಆಮೇಲೆ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಓಡಿದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದು ರಿಂಗಿನಿಂದಲೇ ಅಂತ ನಾವೇ ತೀರ್ಮಾನ ಮಾಡಬಾರದು. ನನಗೆ ರಿಂಗ್ ಉಜ್ಜಿ ಹುಣ್ಣಾಗಿತ್ತು. ರಿಂಗನ್ನು ಮೂರು ವಾರ ಹೊರಗಿಟ್ಟು, ಒಳಗೆ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಕ್ರೀಮ್ ಹಚ್ಚಿದೆ, ಈಗಲೂ ವಾರಕ್ಕೆರಡು ಸಲ ಹಚ್ಚುತ್ತೇನೆ. ಹಾಕಿಸಿಕೊಂಡು ವರ್ಷಗಟ್ಟಲೆ ಮರೆತವರಿಗೆ ಒಳಗೆ ತೂತೇ ಬೀಳಬಹುದು, ಅಪರೂಪಕ್ಕೆ.

ಇನ್ನೊಂದು ತಮಾಷೆ. ರಿಂಗ್ ಮೂತ್ರಕೋಶವನ್ನು ಎತ್ತಿ ಹಿಡಿದ ಮೇಲೆ ಸೀನಿದರೆ ಮೂತ್ರ ಸೋರಲು ಶುರುವಾಯಿತು, ಮೊದಲು ಇರಲೇ ಇಲ್ಲ. ಹೀಗೂ ಆಗುತ್ತದೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಗ್ಯಾಸ್ ತಡೆಯುವ ಹಾಗೆ ಒಳಗೆ ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ, ಎಂಟು-ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನಾಲ್ಕು ತಿಂಗಳಾದ ಮೇಲೆ ಕಡಿಮೆಯಾಯಿತು. ಸ್ಟಾಫ್ ಮೀಟಿಂಗಿನಲ್ಲಿ ಮಾಡುತ್ತೇನೆ, ಅಷ್ಟಾದರೂ ಉಪಯೋಗವಾಗಲಿ.

ನಾನು ರಿಂಗ್ ತೊಳೆಯುವುದನ್ನು ನೋಡಿ ಅತ್ತೆ ಒಂದು ದಿನ ಮೆಲ್ಲಗೆ ಕೇಳಿದರು, "ಅದು ನನಗೂ ಆಗುತ್ತದಾ?" ಇಪ್ಪತ್ತು ವರ್ಷದಿಂದ ಹಳೇ ಸೀರೆ ಮಡಚಿ ಬಿಗಿಯಾಗಿ ಕಟ್ಟಿಕೊಂಡೇ ಓಡಾಡುತ್ತಿದ್ದರಂತೆ, ಮಾವನಿಗೂ ಗೊತ್ತಿಲ್ಲ. ಈಗ ಅವರಿಗೂ ಹಾಕಿಸಿದ್ದೇವೆ. ತಾವೇ ತೆಗೆಯಲು ಆಗುವುದಿಲ್ಲ, ಹಾಗಾಗಿ ಮೂರು ತಿಂಗಳಿಗೊಮ್ಮೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬರುವಾಗ ಮಸಾಲೆ ದೋಸೆ ಕೊಡಿಸಲೇಬೇಕು.