ಜಿಡಿಆರ್: ಗುಲಾಬಿ ಕ್ರಾಸ್ ಮಾಡುವವರಿಗೆ ಎಷ್ಟು ಉಪಯೋಗ?

ಗುಲಾಬಿ ಕ್ರಾಸ್ ಮಾಡಿ ಹೊಸ ತಳಿ ತೆಗೆಯುವ ಹುಚ್ಚು ಇದ್ದರೆ ಜಿಡಿಆರ್, ಅಂದರೆ ಜೀನೋಮ್ ಡೇಟಾಬೇಸ್ ಫಾರ್ ರೋಸೇಸೀ, ಎಂಬ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ. ಗುಲಾಬಿ ಕುಟುಂಬದ ಗಿಡಗಳ ಜೀನ್ ಮಾಹಿತಿ ಇಲ್ಲಿ ಸಿಗುತ್ತದೆ. ಪೂರ್ತಿ ಪುಕ್ಕಟೆ. 2003ರಲ್ಲಿ ಶುರುವಾದ ಇದನ್ನು ಈಗ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ನಡೆಸುತ್ತಿದ್ದಾರೆ. ಸೇಬು, ಪೀಚ್, ಸ್ಟ್ರಾಬೆರಿಗಳೂ ಗುಲಾಬಿಯ ನೆಂಟರೇ ಅಲ್ವಾ, ಅವೂ ಇಲ್ಲಿವೆ. ನಿಜ ಹೇಳಬೇಕೆಂದರೆ ಹಣ್ಣುಗಳದ್ದೇ ದರ್ಬಾರು ಜಾಸ್ತಿ.

ನಮಗೆ ಬೇಕಾದ ಮುಖ್ಯ ಸರಕು 'ಓಲ್ಡ್ ಬ್ಲಶ್' ಎಂಬ ಹಳೇ ಚೀನಾ ಗುಲಾಬಿಯ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ನಕ್ಷೆ, 2018ರಲ್ಲಿ ಬಂದದ್ದು. ಒಳ್ಳೆಯ ಆಯ್ಕೆ, ಯಾಕೆಂದರೆ ಈಗಿನ ಗುಲಾಬಿಗಳು ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾ ಗುಲಾಬಿಗಳಿಂದಲೇ ಬಂದಿದೆ. ಕೆಎಸ್‌ಎನ್ ಎಂಬ ಜೀನ್ ಹುಡುಕಿ ನೋಡಿ. ಕಾಡು ಗುಲಾಬಿಯಲ್ಲಿ ಇದು ಹೂವಿಗೆ ಬ್ರೇಕ್ ಹಾಕುತ್ತದೆ, ವರ್ಷಕ್ಕೆ ಒಂದೇ ಸಲ ಹೂವು. ಚೀನಾ ಗುಲಾಬಿಯಲ್ಲಿ ಆ ಜೀನ್ ನಡುವೆ ಒಂದು ಹಾರಾಡುವ ಡಿಎನ್‌ಎ ತುಂಡು ಬಂದು ಕೂತು ಬ್ರೇಕ್ ಕೆಟ್ಟಿದೆ.

ಇಷ್ಟಕ್ಕೇ ಸಸಿಗಳ ಎಲೆ ಕಿತ್ತು ಡಿಎನ್‌ಎ ಟೆಸ್ಟ್‌ಗೆ ಕಳಿಸಬೇಡಿ. ಮತ್ತೆ ಮತ್ತೆ ಹೂ ಬಿಡುವ ಸಸಿ ಬೀಜ ಮೊಳೆತ ಕೆಲವೇ ತಿಂಗಳಲ್ಲಿ ತಾನೇ ಹೂ ಬಿಟ್ಟು ತೋರಿಸುತ್ತದೆ. ಟೆಸ್ಟ್‌ಗೆ ಬೆಲೆ ಇರುವುದು ಕಣ್ಣಿಗೆ ಕಾಣದ ಕಡೆ. ಕಟ್ ರೋಸ್‌ಗಳಲ್ಲಿ ಬಹುಪಾಲಿಗೆ ಪ್ರತಿ ಜೀನ್‌ಗೂ ನಾಲ್ಕು ಪ್ರತಿ ಇರುತ್ತದೆ, ಅದರಲ್ಲಿ ಒಂದು ಕೆಟ್ಟಿದೆಯೋ ಮೂರು ಕೆಟ್ಟಿದೆಯೋ ಗಿಡ ನೋಡಿದರೆ ಗೊತ್ತಾಗುವುದಿಲ್ಲ, ಆದರೆ ಮುಂದಿನ ಕ್ರಾಸ್‌ನಲ್ಲಿ ಎಷ್ಟು ಸಸಿ ಕೆಲಸಕ್ಕೆ ಬರುತ್ತವೆ ಅನ್ನೋದು ಅದರ ಮೇಲೇ ನಿಂತಿದೆ. ಕಪ್ಪು ಚುಕ್ಕೆ ರೋಗದ್ದೂ ಹಾಗೇ. ರೋಸಾ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿಯಿಂದ ಬಂದ, ಈ ರೋಗ ತಡೆಯುವ ಆರ್‌ಡಿಆರ್1 ಜೀನ್ ಸಸಿಯಲ್ಲಿ ಇದೆಯೇ ಅಂತ ಮೊದಲೇ ಗೊತ್ತಾದರೆ, ಎಲೆ ಉದುರುವ ಮಳೆಗಾಲದವರೆಗೆ ಕಾಯಬೇಕಿಲ್ಲ. ರೋಗದ ಎಲ್ಲ ಬಗೆಗೂ ಇದು ತಡೆ ಕೊಡುವುದಿಲ್ಲ, ಅದು ನೆನಪಿರಲಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಪರಿಮಳದ ಜೀನ್, ಎನ್‌ಯುಡಿಎಕ್ಸ್1. ಘಮಘಮಿಸುವ 'ಪಾಪಾ ಮೇಯಾಂ' ತಳಿಯನ್ನು ವಾಸನೆಯೇ ಇಲ್ಲದ 'ರೂಜ್ ಮೇಯಾಂ' ಜೊತೆ ಹೋಲಿಸಿ ಇದನ್ನು ಹಿಡಿದರು, 2015ರಲ್ಲಿ. ಬೊಕೆ ಗುಲಾಬಿ ಮೂಗಿಗೆ ಹಿಡಿದು ನಿರಾಸೆಪಟ್ಟವರು ಓದಲೇಬೇಕು.

ಕೊರತೆ ಇಲ್ಲವೇ? ಇದೆ. ಓಲ್ಡ್ ಬ್ಲಶ್‌ನಲ್ಲಿ ಪ್ರತಿ ಜೀನ್‌ಗೆ ಎರಡೇ ಪ್ರತಿ. ಹಾಗಾಗಿ ಅದನ್ನು ನೋಡಿ ಮಾಡಿದ ಮಾರ್ಕರ್ (ಟೆಸ್ಟ್‌ನಲ್ಲಿ ಜೀನ್ ಗುರುತಿಸುವ ಡಿಎನ್‌ಎ ಗುರುತು) ನಾಲ್ಕು ಪ್ರತಿ ಇರುವ ನಿಮ್ಮ ಪಾಲಿಹೌಸ್ ತಳಿಯಲ್ಲಿ ಕೈಕೊಡಬಹುದು, ಮೊದಲು ತಾಯಿ ಮತ್ತು ತಂದೆ ಗಿಡಗಳ ಮೇಲೆ ಪರೀಕ್ಷಿಸಿಯೇ ಸಸಿಗಳಿಗೆ ದುಡ್ಡು ಹಾಕಿ. ಕ್ರೋಮೋಸೋಮ್ ತೋರಿಸುವ ಜೆಬ್ರೌಸ್ ಪುಟವನ್ನು ಫೋನ್‌ನಲ್ಲಿ ತೆರೆಯುವ ಸಾಹಸ ಬೇಡ, ದೊಡ್ಡ ಪರದೆ ಬೇಕು. ಮಲ್ಲಿಗೆ, ಸೇವಂತಿಗೆ, ಚೆಂಡು ಹೂವಿನವರು ಇಲ್ಲಿ ಸುಮ್ನೆ ಹುಡುಕಬೇಡಿ, ಅವು ಈ ಕುಟುಂಬಕ್ಕೆ ಸೇರಿದವಲ್ಲ.